ಅಂಗೈಯಷ್ಟು ಅರಮನೆ

ದೀಪಾವಳಿ ಹತ್ತಿರ ಬರುತ್ತಿದ್ದ ಹಾಗೆ ತೆರಕಣಾಂಬಿಯ ಅರಳಿಕಟ್ಟೆಯ ಮೇಲೆ ಎಲೆ ಕಲಸುವ ಸದ್ದು ಶುರುವಾಗುತ್ತದೆ. ಇಸ್ಪೀಟು ಎಂಬ ಮಾತು ಇದ್ದರೂ ನಮ್ಮ ಕಡೆಯವರ ಬಾಯಲ್ಲಿ ಬರುವುದು ಎಲೆ ಎಂಬ ಮಾತೇ. ಎಲೆ ಹಂಚು, ಎಲೆ ಇಳಿಸು, ಎಲೆ ಮಡಗು. ಆಟ ನೋಡುತ್ತ ಕುಳಿತವನಿಗೆ ಒಮ್ಮೊಮ್ಮೆ ಯಾರ ಕೈಯಿಂದಲೋ ಜಾರಿ ಬಿದ್ದ ಆಟೀನ್ ರಾಣಿ ಕಣ್ಣಿಗೆ ಬೀಳುತ್ತಾಳೆ. ಅಚ್ಚಿನಲ್ಲಿ ಮೂಡಿದ ಮುಖ, ಕೈಯಲ್ಲೊಂದು ಹೂವು, ಮೈತುಂಬ ಕೆಂಪು ಹಳದಿ ಪಟ್ಟೆ. ಅವಳ ಮುಖವನ್ನು ಯಾರೂ ನೋಡುವುದಿಲ್ಲ. ಅವಳ ಬೆಲೆ ಎಷ್ಟು ಎಂಬುದಷ್ಟೇ ಆಟಗಾರರಿಗೆ ಬೇಕು.

ಸುಮಾರು ನಾಲ್ಕೂವರೆ ಶತಮಾನದ ಹಿಂದೆ ಲಂಡನ್ನಿನಲ್ಲಿ ಒಬ್ಬ ಚಿತ್ರಕಾರ ಇಂಥದೇ ಎಲೆಗಳನ್ನು ಕತ್ತರಿಸಿ, ಅವುಗಳ ಮೇಲೆ ತೆಳ್ಳನೆಯ ಕರುವಿನ ಚರ್ಮ ಅಂಟಿಸಿ, ಇಂಗ್ಲೆಂಡಿನ ರಾಣಿಯ ಮುಖವನ್ನು ಬರೆಯುತ್ತಿದ್ದ. ಚಿತ್ರದ ಅಗಲ ಎರಡು ಅಂಗುಲ. ಹತ್ತೊಂಬತ್ತನೆಯ ಶತಮಾನದ ಮೈಸೂರಿನ ಚಿತ್ರಕಾರರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆಟದ ಎಲೆಯನ್ನೇ ಚಿತ್ರವಾಗಿಸಿದರು. ಒಂದೊಂದು ಎಲೆಯ ಮೇಲೂ ದೇವರೊಬ್ಬ, ರಾಜನೊಬ್ಬ, ಮಂಟಪ, ಆನೆ, ಕುದುರೆ. ಒಂದು ಕಡೆ ಎಲೆಯ ಬೆನ್ನ ಮೇಲೆ ಅರಮನೆ, ಇನ್ನೊಂದು ಕಡೆ ಎಲೆಯ ಮುಖದಲ್ಲೇ ಅರಮನೆ. ಈ ಎರಡು ಕಡೆಯ ಕುಶಲಿಗಳು ಒಬ್ಬರನ್ನೊಬ್ಬರು ಕಂಡವರಲ್ಲ. ಆದರೂ ಅವರ ಕೈಗಳು ಕಲಿತ ಪಾಠ ಬಹುಮಟ್ಟಿಗೆ ಒಂದೇ. ಚಿತ್ರ ಅಂಗೈಯಷ್ಟಾದಾಗ ಕುಂಚ, ಬಣ್ಣ, ಬೆಳಕು, ಉಸಿರು ಎಲ್ಲವೂ ಹೊಸ ಶಿಸ್ತನ್ನು ಕೇಳುತ್ತವೆ. ಆ ಶಿಸ್ತನ್ನು ಹತ್ತಿರದಿಂದ ನೋಡಬೇಕೆಂಬ ಆಸೆ ನನಗೆ ಬಹಳ ದಿನದ್ದು.

ಸಿಂಧೂರದಿಂದ ಬಂದ ಹೆಸರು

ಯೂರೋಪಿನವರು ಈ ಪುಟ್ಟ ಚಿತ್ರವನ್ನು ಮಿನಿಯೇಚರ್ ಎನ್ನುತ್ತಾರೆ. ಮಿನಿ ಎಂದರೆ ಚಿಕ್ಕದು, ಅದರಿಂದಲೇ ಈ ಹೆಸರು ಬಂತು ಎಂದು ತೋರುತ್ತದೆ. ಆದರೆ ಮಾತಿನ ಬೇರು ಬೇರೆಡೆ ಇದೆ. ಲ್ಯಾಟಿನ್ನಿನಲ್ಲಿ ಮಿನಿಯಂ ಎಂದರೆ ಸೀಸದಿಂದ ಮಾಡುವ ಕೆಂಪು ಬಣ್ಣ. ನಮ್ಮಲ್ಲಿ ಆಂಜನೇಯನಿಗೆ ಬಳಿಯುವ ಸಿಂಧೂರದ ಬಣ್ಣವೇ ಅದು. ಅಚ್ಚುಯಂತ್ರ ಇಲ್ಲದ ಕಾಲದಲ್ಲಿ ಕ್ರೈಸ್ತ ಮಠಗಳಲ್ಲಿ ಕೈಬರಹದ ಗ್ರಂಥಗಳ ಮೊದಲಕ್ಷರಗಳನ್ನು ಈ ಕೆಂಪಿನಿಂದ ಬರೆಯುತ್ತಿದ್ದರು. ಆ ಅಕ್ಷರದ ಹೊಟ್ಟೆಯೊಳಗೆ ಪುಟ್ಟ ಪುಟ್ಟ ಚಿತ್ರಗಳೂ ಬಂದವು. ಪುಸ್ತಕದ ಪುಟದಲ್ಲಿ ಕುಳಿತಿದ್ದ ಆ ಚಿತ್ರ ಹದಿನಾರನೆಯ ಶತಮಾನದ ಮೊದಲ ಭಾಗದಲ್ಲಿ ಪುಟ ಬಿಟ್ಟು ಹೊರಗೆ ಬಂತು, ದುಂಡಗಾಯಿತು, ಚಿನ್ನದ ಕರಡಿಗೆಯೊಳಗೆ ಸೇರಿ ಕೊರಳಿಗೇರಿತು.

ಇದು ಅರಮನೆಗಳಲ್ಲಿ ಬೆಳೆದ ಕಲೆ. ಇಂಗ್ಲೆಂಡಿನ ಎಂಟನೆಯ ಹೆನ್ರಿಯ ಆಸ್ಥಾನಕ್ಕೆ 1520ರ ದಶಕದಲ್ಲಿ ಫ್ಲಾಂಡರ್ಸಿನಿಂದ ಲೂಕಾಸ್ ಹೋರೆನ್‌ಬೌಟ್ ಎಂಬ ಚಿತ್ರಕಾರ ಬಂದ. ಅವನ ಮನೆತನವೇ ಗ್ರಂಥಗಳಿಗೆ ಚಿತ್ರ ಬರೆಯುವ ಮನೆತನ. ಅದೇ ಕಾಲದಲ್ಲಿ ಫ್ರಾನ್ಸಿನಿಂದ ಹೆನ್ರಿಗೆ ಅಲ್ಲಿನ ರಾಜಕುಮಾರರ ಮುಖಗಳಿದ್ದ ಪುಟ್ಟ ಚಿತ್ರಗಳು ಉಡುಗೊರೆಯಾಗಿ ಬಂದವು. ದೂರದ ಅರಮನೆಯ ಮುಖ ಇಲ್ಲಿನ ರಾಜನ ಅಂಗೈಗೆ ಬರುವುದೆಂದರೆ ಸಣ್ಣ ಸಂಗತಿಯಲ್ಲ. ರಾಯಭಾರಿಯ ಮಾತಿಗೆ ಮುಖವೊಂದು ಜೊತೆಯಾಯಿತು.

ನಮ್ಮ ಕಡೆ ಹೆಣ್ಣು ಗೊತ್ತು ಮಾಡುವಾಗ ಜಾತಕದ ಜೊತೆ ಫೋಟೊ ಕಳಿಸುವ ಪದ್ಧತಿ ಇದೆಯಲ್ಲ, 1539ರಲ್ಲಿ ನಡೆದದ್ದೂ ಅದೇ. ಹೆನ್ರಿಗೆ ಕ್ಲೀವ್ಸ್ ಸಂಸ್ಥಾನದ ಆ್ಯನ್ ಎಂಬ ಹೆಣ್ಣಿನ ಪ್ರಸ್ತಾಪ ಬಂದಿತ್ತು. ಅವಳನ್ನು ನೋಡಿ ಬರೆದುಕೊಂಡು ಬರಲು ಚಿತ್ರಕಾರ ಹಾನ್ಸ್ ಹೋಲ್‌ಬೈನ್‌ನನ್ನು ಕಳಿಸಿದರು. ಅವನು ಬರೆದ ಪುಟ್ಟ ಚಿತ್ರ ಈಗಲೂ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿದೆ. ಗುಲಾಬಿ ಹೂವಿನ ಹಾಗೆ ಕೊರೆದ ದಂತದ ಕರಡಿಗೆ, ಮುಚ್ಚಳ ತೆಗೆದರೆ ಒಳಗೆ ನೀಲಿ ಹಿನ್ನೆಲೆಯಲ್ಲಿ ನೇರವಾಗಿ ನಮ್ಮನ್ನೇ ನೋಡುವ ಹುಡುಗಿ. 1540ರ ಜನವರಿಯಲ್ಲಿ ನಡೆದ ಮದುವೆ ಜುಲೈಗೆ ಮುರಿದುಬಿತ್ತು. ಚಿತ್ರ ಉಳಿಯಿತು. ಹೂವಿನೊಳಗಿನ ಆ ಶಾಂತವಾದ ಮುಖ ಈ ಐದು ಶತಮಾನದಲ್ಲಿ ಒಂದಿಷ್ಟೂ ಬಾಡಿಲ್ಲ.

ಅಕ್ಕಸಾಲಿಯ ಕೈ

ಈ ಕಲೆಯ ಒಳಗುಟ್ಟು ತಿಳಿಯಬೇಕಾದರೆ ನಿಕೊಲಾಸ್ ಹಿಲಿಯರ್ಡ್‌ನ ಬಳಿಗೆ ಹೋಗಬೇಕು. 1547ರ ಸುಮಾರಿಗೆ ಎಕ್ಸೆಟರ್ ಪಟ್ಟಣದಲ್ಲಿ ಹುಟ್ಟಿದವನು, ತಂದೆ ಅಕ್ಕಸಾಲಿ, ತಾನು ಕಲಿತದ್ದೂ ಅಕ್ಕಸಾಲಿ ಕೆಲಸ. ಮೊದಲನೆಯ ಎಲಿಜಬೆತ್ ರಾಣಿಯನ್ನು ಅವನು 1572ರಲ್ಲಿ ಬರೆದ ಕಿರು ಭಾವಚಿತ್ರ ಇಂದಿಗೂ ಇದೆ. ಬಿಸಿಲು ಬೀಳುವ ತೋಟದ ಹಾದಿಯಲ್ಲಿ, ಮರದ ನೆರಳಿಲ್ಲದ ಕಡೆ ಕುಳಿತು ಬರೆಸಿಕೊಳ್ಳುವುದು ರಾಣಿಗೆ ಇಷ್ಟ ಎಂದು ಅವನೇ ಬರೆದಿಟ್ಟಿದ್ದಾನೆ. ಮುಖದ ಮೇಲೆ ನೆರಳು ಬೀಳಬಾರದು, ಗೆರೆಯೇ ಎಲ್ಲವನ್ನೂ ಹೇಳಬೇಕು ಎಂಬುದು ಅವಳ ಮನಸ್ಸು, ಅವನ ಮನಸ್ಸೂ ಅದೇ. 1600ರ ಆಸುಪಾಸಿನಲ್ಲಿ ಅವನು ಈ ಕಸುಬಿನ ಮೇಲೆ ಒಂದು ಗ್ರಂಥವನ್ನೇ ಬರೆದ. ಅದರಿಂದ ಅವನ ಕೆಲಸದ ಮನೆಯೊಳಗೆ ನಾವು ಇಣುಕಬಹುದು.

ಮೊದಲು ಚರ್ಮ. ಎಳೆಗರುವಿನ ಚರ್ಮವನ್ನು ಕೂದಲ ಗುರುತೂ ಇಲ್ಲದ ಹಾಗೆ ಹದ ಮಾಡಿ, ಗಂಜಿಯಂಥ ಅಂಟಿನಿಂದ ಇಸ್ಪೀಟೆಲೆಗೆ ಅಂಟಿಸುತ್ತಾನೆ. ಎಲೆಗೇ ಏಕೆ ಎಂದರೆ, ಅದು ಗಟ್ಟಿ, ಚಪ್ಪಟೆ, ಸುಲಭವಾಗಿ ಸಿಗುವಂಥದು, ಬೇಗ ಬಾಗುವುದಿಲ್ಲ. ಅಂಟು ಆರಿದ ಮೇಲೆ ಚಿಕ್ಕ ಪ್ರಾಣಿಯೊಂದರ ಹಲ್ಲನ್ನು ಹಿಡಿಗೆ ಸಿಕ್ಕಿಸಿಕೊಂಡು ಹಿಂಬದಿಯಿಂದ ಉಜ್ಜುತ್ತಾನೆ. ಮೇಲ್ಮೈ ಗಾಜಿನ ಹಾಗೆ ನುಣುಪಾಗುತ್ತದೆ. ಅದರ ಮೇಲೆ ಮುಖ ಬರುವ ಜಾಗಕ್ಕೆ ಮೈಬಣ್ಣದ ಒಂದು ತೆಳುವಾದ ಪದರ. ಈ ತಳಬಣ್ಣವನ್ನು ಬಗೆಬಗೆಯ ಮೈಬಣ್ಣಗಳಿಗೆ ತಕ್ಕ ಹಾಗೆ ಮೊದಲೇ ಸಿದ್ಧ ಮಾಡಿಟ್ಟುಕೊಳ್ಳುತ್ತಿದ್ದ. ಬರೆಸಿಕೊಳ್ಳುವವರು ಬಂದು ಕುಳಿತಾಗ ಅವರ ಮುಖಕ್ಕೆ ಹೊಂದುವುದನ್ನು ಆರಿಸಿದರೆ ಸಾಕು.

ಬಣ್ಣಗಳನ್ನು ಅರೆದು ಜಾಲಿ ಜಾತಿಯ ಮರದ ಗೋಂದು ಬೆರೆಸುತ್ತಾನೆ. ಒಣಗಿದ ಮೇಲೆ ಬಿರುಕು ಬಿಡದಿರಲೆಂದು ಅದಕ್ಕೆ ಚೂರು ಕಲ್ಲುಸಕ್ಕರೆ. ಬಣ್ಣ ಇಟ್ಟುಕೊಳ್ಳುವುದು ಕಪ್ಪೆಚಿಪ್ಪಿನಲ್ಲಿ. ಕುಂಚ ಅಳಿಲಿನ ಕೂದಲಿನದು, ಹಕ್ಕಿಯ ಗರಿಯ ಕೊಳವೆಗೆ ಸಿಕ್ಕಿಸಿದ್ದು. ಗೆರೆಯನ್ನು ಎಳೆಯುವುದಕ್ಕಿಂತ ಇಡುವುದೇ ಹೆಚ್ಚು. ಸಣ್ಣ ಸಣ್ಣ ಗೆರೆಗಳನ್ನು ಒಂದರ ಪಕ್ಕ ಒಂದು ಇಡುತ್ತ ಹೋದರೆ ಕೆನ್ನೆ ಮೂಡುತ್ತದೆ, ಹುಬ್ಬು ಮೂಡುತ್ತದೆ. ಕೆಲಸ ಮಾಡುವವನು ರೇಷ್ಮೆ ಬಟ್ಟೆ ತೊಡಬೇಕು, ಅದರಿಂದ ನೂಲಿನ ಎಳೆ ಉದುರುವುದು ಕಡಿಮೆ. ತಲೆಯ ಹೊಟ್ಟು ಬೀಳಬಾರದು, ಮಾತಾಡುತ್ತ ಉಗುಳು ಸಿಡಿಯಬಾರದು, ಕೋಣೆಯಲ್ಲಿ ಹೊಗೆ ಧೂಳು ಇರಬಾರದು. ಇದೆಲ್ಲ ಹಿಲಿಯರ್ಡ್ ಹೇಳಿದ ನಿಯಮ. ನಮ್ಮ ಅಡುಗೆಮನೆಗಳಲ್ಲಿ ನೈವೇದ್ಯಕ್ಕೆ ಮಾಡುವ ಮಡಿಯ ನೆನಪು ಬರುತ್ತದೆ. ಎರಡು ಅಂಗುಲದ ಮುಖದ ಮೇಲೆ ಬಿದ್ದ ಒಂದು ಧೂಳಿನ ಕಣವೆಂದರೆ ಗೋಡೆಯಷ್ಟು ದೊಡ್ಡ ಚಿತ್ರದ ಮೇಲೆ ಬಿದ್ದ ಕಲ್ಲಿನ ಹಾಗೆ.

ಮುಖ ಮುಗಿದ ಮೇಲೆ ಅಕ್ಕಸಾಲಿ ಎಚ್ಚರಗೊಳ್ಳುತ್ತಾನೆ. ಆ ಕಾಲದ ಸಿರಿವಂತರು ಕೊರಳ ಸುತ್ತ ತೊಡುತ್ತಿದ್ದ ಲೇಸಿನ ಅಲಂಕಾರಕ್ಕೆ ಗಟ್ಟಿಯಾದ ಬಿಳಿ ಬಣ್ಣವನ್ನು ಹನಿಹನಿಯಾಗಿ ಇಳಿಬಿಡುತ್ತಾನೆ. ಅದು ಆರಿದಾಗ ಉಬ್ಬಿ ನಿಂತು ತನ್ನದೇ ನೆರಳು ಚೆಲ್ಲುತ್ತದೆ. ಮುತ್ತಿಗೂ ಹಾಗೆಯೇ ಬಿಳಿಯ ಉಬ್ಬು, ಅದರ ತುದಿಗೆ ಬೆಳ್ಳಿಯ ಒಂದು ಚುಕ್ಕೆ, ಮತ್ತೆ ಹಲ್ಲಿನಿಂದ ಉಜ್ಜಿದ ಹೊಳಪು. ಮಾಣಿಕ್ಯ ಬೇಕಾದಾಗ ಬೆಳ್ಳಿಯ ಪುಡಿಯನ್ನು ಹಚ್ಚಿ ಉಜ್ಜಿ, ಅದರ ಮೇಲೆ ಕೆಂಪು ಬೆರೆಸಿದ ಮರದ ರಾಳದ ಹನಿಯನ್ನು ಕಾದ ಸೂಜಿಯಿಂದ ಇಡುತ್ತಾನೆ. ಕರಡಿಗೆಯನ್ನು ಅಂಗೈಯಲ್ಲಿ ಹಿಡಿದು ಸ್ವಲ್ಪ ಓರೆ ಮಾಡಿದರೆ ಆ ಮಾಣಿಕ್ಯ ನಿಜದ ಹರಳಿನಂತೆ ಮಿನುಗುತ್ತದೆ. ಗೋಡೆಗೆ ತೂಗುಹಾಕಿದ ಚಿತ್ರಕ್ಕೆ ಈ ಭಾಗ್ಯ ಇಲ್ಲ. ಅಂಗೈ ಅಲುಗಿದಾಗಲೇ ಅದರ ಬೆಳಕು ಅಲುಗುವುದು.

ದಂತದ ಹೊಳಪು, ಮದರಾಸಿನ ದಾರಿ

ಹಿಲಿಯರ್ಡ್ ಇನ್ನೂ ಬದುಕಿದ್ದಾಗಲೇ ಈ ಪುಟ್ಟ ಚಿತ್ರ ಹಿಂದೂಸ್ಥಾನಕ್ಕೆ ಬಂತು. 1615ರಲ್ಲಿ ಇಂಗ್ಲೆಂಡಿನ ರಾಯಭಾರಿಯಾಗಿ ಜಹಾಂಗೀರನ ಆಸ್ಥಾನಕ್ಕೆ ಬಂದ ಸರ್ ಥಾಮಸ್ ರೋ ತನ್ನ ಬಳಿಯಿದ್ದ ಒಂದು ಕಿರುಚಿತ್ರವನ್ನು ಬಾದಶಹನಿಗೆ ತೋರಿಸಿದ. ತನ್ನ ಚಿತ್ರಕಾರ ಇದನ್ನು ಬೇರೆ ಮಾಡಿ ಹೇಳಲಾಗದಷ್ಟು ಚೆನ್ನಾಗಿ ನಕಲು ಮಾಡಬಲ್ಲ ಎಂದ ಜಹಾಂಗೀರ್. ಕೆಲವು ದಿನಗಳ ಮೇಲೆ ಒಂದು ರಾತ್ರಿ ಮೇಣದ ಬತ್ತಿಯ ಬೆಳಕಿನಲ್ಲಿ ಒಂದೇ ಥರದ ಆರು ಚಿತ್ರಗಳು ರೋನ ಮುಂದೆ ಬಂದವು. ಐದು ಇಲ್ಲಿನವು, ಒಂದು ಅವನದು. ತನ್ನದು ಯಾವುದೆಂದು ಗುರುತಿಸಲು ರೋ ತಡವರಿಸಿದ್ದನ್ನು ಅವನೇ ದಾಖಲಿಸಿದ್ದಾನೆ. ಭಾರತದ ಕುಂಚಕ್ಕೆ ಈ ಅಳತೆ ಹೊಸದಾಗಿರಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಸುಮಾರು 1700ರಲ್ಲಿ ವೆನಿಸ್ಸಿನ ರೊಸಾಲ್ಬಾ ಕರಿಯೆರಾ ಎಂಬಾಕೆ ಚರ್ಮದ ಬದಲು ಆನೆದಂತದ ತೆಳುಹಾಳೆಯ ಮೇಲೆ ಬರೆಯತೊಡಗಿದಳು. ದಂತ ತನ್ನೊಳಗಿಂದ ಬೆಳಕನ್ನು ಸ್ವಲ್ಪ ಹಾಯಲು ಬಿಡುತ್ತದೆ. ಮೈಬಣ್ಣವನ್ನು ನೀರಾಗಿ ಹಚ್ಚಿದರೆ ಕೆಳಗಿನ ದಂತದ ಹೊಳಪೇ ಚರ್ಮದ ಜೀವಕಳೆಯಾಗುತ್ತದೆ. ಕಷ್ಟವೂ ಇತ್ತು. ಜಿಡ್ಡಿನ ಆ ಮೇಲ್ಮೈಯಲ್ಲಿ ನೀರುಬಣ್ಣ ನಿಲ್ಲದೆ ಜಾರುತ್ತದೆ. ಅದನ್ನು ತಿಕ್ಕಿ ಜಿಡ್ಡು ತೆಗೆದು, ಚುಕ್ಕೆ ಚುಕ್ಕೆಯಾಗಿ ಬಣ್ಣ ಕೂರಿಸುವುದನ್ನು ಮುಂದಿನ ಪೀಳಿಗೆಯವರು ಕಲಿತರು. ಅವರಲ್ಲಿ ಜಾನ್ ಸ್ಮಾರ್ಟ್ 1785ರಿಂದ 1795ರವರೆಗೆ ಮದರಾಸಿನಲ್ಲಿದ್ದು ಆರ್ಕಾಟಿನ ನವಾಬ ಮಹಮ್ಮದಾಲಿಯನ್ನೂ ಅವನ ಮನೆಯವರನ್ನೂ ಬರೆದ. ಇಲ್ಲಿ ಬರೆದ ಚಿತ್ರಗಳಿಗೆ ತನ್ನ ಸಹಿಯ ಜೊತೆ ಇಂಡಿಯಾದ ಗುರುತಾಗಿ ಒಂದಕ್ಷರ ಸೇರಿಸುತ್ತಿದ್ದ.

ದಂತದ ಮಾತು ಬಂದಾಗ ತೆರಕಣಾಂಬಿಯವನಾದ ನಾನು ಒಂದು ಗಳಿಗೆ ನಿಲ್ಲಬೇಕು. ನಮ್ಮ ಗುಂಡ್ಲುಪೇಟೆ ತಾಲ್ಲೂಕಿನ ಅಂಚಿಗೆ ಬಂಡೀಪುರದ ಕಾಡು. ಕಾಡಂಚಿನ ಹೊಲಗಳಲ್ಲಿ ರಾತ್ರಿ ಆನೆ ಕಾಯುವುದು ಜನರ ಬದುಕಿನ ಒಂದು ಭಾಗ. ಬೆಳೆ ತುಳಿದು ಹೋದ ಮರುದಿನವೂ ಆ ಪ್ರಾಣಿಯನ್ನು ಕೈಮುಗಿದು ಗಣಪತಿ ಎನ್ನುವವರು ನಮ್ಮ ಹಿರಿಯರು. ಯೂರೋಪಿನ ಸಾವಿರಾರು ಕೆನ್ನೆಗಳಿಗೆ ಹೊಳಪು ಕೊಟ್ಟದ್ದು ಇಂಥ ಪ್ರಾಣಿಯ ಜೀವ. ದಂತದ ಅಂತಾರಾಷ್ಟ್ರೀಯ ವ್ಯಾಪಾರವನ್ನು ನಿಲ್ಲಿಸುವ ತೀರ್ಮಾನ 1989ರಲ್ಲಿ ಬಂತು, ಅದು ಬರಲೇಬೇಕಾಗಿತ್ತು. ಆ ಚಿತ್ರಗಳ ಚೆಲುವನ್ನು ಮೆಚ್ಚುವಾಗ ಈ ಲೆಕ್ಕವನ್ನೂ ಮನಸ್ಸಿನಲ್ಲಿಟ್ಟುಕೊಂಡೇ ನಾನು ಮೆಚ್ಚುತ್ತೇನೆ. ಹಿಲಿಯರ್ಡ್‌ನ ಆಟದ ಎಲೆ, ಮೈಸೂರಿನವರ ಮರದ ಬಿಲ್ಲೆ, ಬಟ್ಟೆಯ ಪದರ ಇವುಗಳೆಲ್ಲ ದಂತವಿಲ್ಲದೆಯೂ ಈ ಕಲೆ ಎಷ್ಟು ಎತ್ತರಕ್ಕೆ ಹೋಗಬಲ್ಲದೆಂದು ತೋರಿಸಿವೆ.

ಅರಿಕುಠಾರದ ಮೊಮ್ಮಗ

ಈಗ ನಮ್ಮ ಸೀಮೆಗೆ ಬರೋಣ. ತೆರಕಣಾಂಬಿ ಇಂದು ಚಾಮರಾಜನಗರ, ಗುಂಡ್ಲುಪೇಟೆಗಳ ನಡುವೆ ಬಸ್ಸು ನಿಂತು ಹೋಗುವ ಊರು. ಒಂದು ಕಾಲಕ್ಕೆ ಇದು ಕುಡುಗುನಾಡಿನ ದೊಡ್ಡ ಪಟ್ಟಣ. ಲಕ್ಷ್ಮೀವರದರಾಜನ ಗುಡಿಯೂ ಹಳೆಯ ಕಲ್ಲುಗಳೂ ಅದನ್ನು ಇನ್ನೂ ನೆನಪಿಸುತ್ತವೆ. ಉಮ್ಮತ್ತೂರಿನ ಪಾಳೆಯಗಾರರ ಕೈಯಿಂದ ಈ ಸೀಮೆ ಮೈಸೂರಿನ ರಾಜ ಒಡೆಯರ ಕಾಲಕ್ಕೆ ಒಡೆಯರ ಕೈಗೆ ಬಂತು. ಇಲ್ಲಿಂದ ಪೂರ್ವಕ್ಕೆ ಬಸ್ಸು ಹತ್ತಿದರೆ ಚಾಮರಾಜನಗರ. ಅದರ ಹಳೆಯ ಹೆಸರು ಅರಿಕುಠಾರ. ಖಾಸಾ ಚಾಮರಾಜ ಒಡೆಯರು ಹುಟ್ಟಿದ ಊರೆಂದು ಅವರ ಮಗ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಅದಕ್ಕೆ ತಂದೆಯ ಹೆಸರಿಟ್ಟರು, 1826ರಲ್ಲಿ ಚಾಮರಾಜೇಶ್ವರನ ದೇವಾಲಯ ಕಟ್ಟಿಸಿದರು. ಅಲ್ಲಿಯ ತೇರಿಗೆ ನಮ್ಮೂರಿನ ಜನ ಹಣ್ಣು ಜವನ ಎಸೆಯಲು ಹೋಗುತ್ತಾರೆ. ಅಂಗೈಯಷ್ಟಗಲದ ಚಿತ್ರಗಳ ಲೋಕವೊಂದನ್ನೇ ಬೆಳೆಸಿದ ದೊರೆಯೂ ಅವರೇ.

1794ರಲ್ಲಿ ಹುಟ್ಟಿದ ಮುಮ್ಮಡಿಯವರು 1799ರಲ್ಲಿ ಟಿಪ್ಪುವಿನ ಪತನದ ಮೇಲೆ ಐದನೆಯ ವಯಸ್ಸಿನಲ್ಲಿ ಸಿಂಹಾಸನ ಏರಿದರು. 1831ರಲ್ಲಿ ಇಂಗ್ಲಿಷರು ಆಡಳಿತವನ್ನು ಅವರಿಂದ ಕಿತ್ತುಕೊಂಡರು. ರಾಜ್ಯ ಕೈಯಲ್ಲಿಲ್ಲದ ಮುಂದಿನ ಮೂವತ್ತೇಳು ವರ್ಷ ಆ ಅರಮನೆ ಸಾಹಿತ್ಯ, ಸಂಗೀತ, ಚದುರಂಗ, ಚಿತ್ರಗಳಿಂದ ತುಂಬಿತು. ವಿಜಯನಗರ ಬಿದ್ದ ಮೇಲೆ ಕಾವೇರಿಯ ಕಡೆಗೆ ಬಂದು ಶ್ರೀರಂಗಪಟ್ಟಣ, ಮೈಸೂರುಗಳಲ್ಲಿ ನೆಲೆಯೂರಿದ್ದ ಚಿತ್ರಗಾರ ಮನೆತನಗಳಿಗೆ ಇಂಥ ಒಬ್ಬ ಆಶ್ರಯದಾತ ಸಿಕ್ಕಿದ್ದು ಕನ್ನಡ ನಾಡಿನ ಪುಣ್ಯ. ಮುಮ್ಮಡಿಯವರು ಮಾಡಿಸಿದ ಶ್ರೀತತ್ತ್ವನಿಧಿ ಎಂಬ ಗ್ರಂಥದಲ್ಲಿ ಶಕ್ತಿನಿಧಿಯಿಂದ ಕೌತುಕನಿಧಿಯವರೆಗೆ ಒಂಬತ್ತು ನಿಧಿಗಳು. ದೇವತೆಗಳ ಧ್ಯಾನಶ್ಲೋಕ, ಅದಕ್ಕೆ ತಕ್ಕ ಪುಟ್ಟ ಚಿತ್ರ. ಕೌತುಕನಿಧಿಯಲ್ಲಿ 122 ಯೋಗಾಸನಗಳ ಚಿತ್ರಗಳಿವೆ, ಆಟಗಳ ವಿವರಗಳಿವೆ. ಆ ಆಟಗಳಲ್ಲಿ ಒಂದು ಗಂಜೀಫಾ ಎಂಬ ಎಲೆಯಾಟ.

ಎಲೆಯೇ ಮಂಟಪ

ಗಂಜೀಫಾ ಪರ್ಷಿಯಾದ ಕಡೆಯಿಂದ ಬಂದ ಹೆಸರು. 1527ರಲ್ಲಿ ಬಾಬರ್ ಸಿಂಧಿನ ತನ್ನ ಗೆಳೆಯನಿಗೆ ಗಂಜೀಫಾ ಕಳಿಸಿದ್ದನ್ನು ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಮೊಗಲರ ಆಟದಲ್ಲಿ ಎಂಟು ಬಣ್ಣ, ಬಣ್ಣಕ್ಕೆ ಹನ್ನೆರಡರಂತೆ 96 ಎಲೆ. ಈ ಆಟ ಹಿಂದೂಗಳ ಮನೆಗೆ ಬಂದಾಗ ಎಂಟು ಹತ್ತಾಯಿತು, ಹತ್ತು ದಶಾವತಾರವಾಯಿತು, ಎಲೆಗಳು 120 ಆದವು. ಮೀನು ಕಂಡರೆ ಮತ್ಸ್ಯ, ಆಮೆ ಕಂಡರೆ ಕೂರ್ಮ, ಕೊಡಲಿ ಕಂಡರೆ ಪರಶುರಾಮ. ಪ್ರತಿ ಅವತಾರಕ್ಕೂ ಒಬ್ಬ ರಾಜ, ಒಬ್ಬ ಮಂತ್ರಿ, ಒಂದರಿಂದ ಹತ್ತರವರೆಗೆ ಎಣಿಕೆಯ ಎಲೆಗಳು. ಹಗಲು ಆಡಿದರೆ ರಾಮನ ಎಲೆಯಿಂದ ಆಟ ತೆರೆಯಬೇಕು, ರಾತ್ರಿ ಆಡಿದರೆ ಕೃಷ್ಣನ ಎಲೆಯಿಂದ. ಅರ್ಧ ಅವತಾರಗಳಲ್ಲಿ ಹತ್ತು ದೊಡ್ಡದು, ಉಳಿದರ್ಧದಲ್ಲಿ ಒಂದು ದೊಡ್ಡದು. ಆಡುತ್ತ ಆಡುತ್ತ ದೇವರ ಹೆಸರು ಬಾಯಿಗೆ ಬರುತ್ತದೆ, ಬುದ್ಧಿಯೂ ಚುರುಕಾಗುತ್ತದೆ.

ಮುಮ್ಮಡಿಯವರು ಇದಕ್ಕೆ ತೃಪ್ತರಾಗಲಿಲ್ಲ. ತಾವೇ ಹದಿಮೂರು ಬಗೆಯ ಆಟಗಳನ್ನು ಕಟ್ಟಿದರು. ಅವುಗಳಿಗೆ ಛದ ಎಂದು ಹೆಸರು. ಚಾಮುಂಡೇಶ್ವರೀ ಛದ, ನವಗ್ರಹ ಛದ, ಕೃಷ್ಣರಾಜ ಛದ. ಸಂಸ್ಕೃತದಲ್ಲಿ ಛದವೆಂದರೂ ಎಲೆಯೇ. ನಮ್ಮ ಅರಳಿಕಟ್ಟೆಯ ಮಾತು ಅರಮನೆಯಲ್ಲಿ ಪಟ್ಟೆ ಪೀತಾಂಬರ ಉಟ್ಟು ನಿಂತ ಹಾಗೆ. ಈ ಆಟಗಳಲ್ಲಿ 36 ಎಲೆಯವೂ ಇದ್ದವು, 360 ಎಲೆಯವೂ ಇದ್ದವು. ಮುನ್ನೂರರವತ್ತು ಎಲೆಗಳ ಒಂದು ಕಟ್ಟನ್ನು ಕೈಯಿಂದ ಬರೆಯುವುದೆಂದರೆ ಮುನ್ನೂರರವತ್ತು ಸಲ ಉಸಿರು ಹಿಡಿದು ಕೂರುವುದು. ಚಿತ್ರಗಾರರಿಗೆ ವರ್ಷಗಟ್ಟಲೆ ಅನ್ನ, ಕಸುಬಿಗೆ ವರ್ಷಗಟ್ಟಲೆ ಸಾಧನೆ.

ಎಲೆ ಹೇಗೆ ಹುಟ್ಟುತ್ತದೆ ಎಂಬುದನ್ನು ನೋಡಿದರೆ ಕಣ್ಣು ತಂಪಾಗುತ್ತದೆ. ಅರಮನೆಯ ಕಟ್ಟುಗಳಿಗೆ ದಂತ, ಆಮೆಚಿಪ್ಪು, ಗಂಧದ ಮರ ಬಳಸಿದ್ದುಂಟು. ಸಾಮಾನ್ಯರ ಕಟ್ಟುಗಳಿಗೆ ಮರದ ತೆಳುಬಿಲ್ಲೆ ಅಥವಾ ಹಳೆಯ ಬಟ್ಟೆಯ ಪದರ. ಬಟ್ಟೆಯನ್ನು ಹುಣಸೆ ಬೀಜದ ಸರಿಯಿಂದ ಒಂದರ ಮೇಲೊಂದು ಅಂಟಿಸಿ, ಸೀಮೆಸುಣ್ಣದಂಥ ಬಿಳಿಯನ್ನು ಬಳಿದು, ಆರಿದ ಮೇಲೆ ನುಣುಪುಗಲ್ಲಿನಿಂದ ಉಜ್ಜುತ್ತಾರೆ. ಹಿಲಿಯರ್ಡ್‌ನ ಕೈಯಲ್ಲಿ ಹಲ್ಲು, ಇಲ್ಲಿ ಕಲ್ಲು, ಎರಡೂ ಹುಡುಕುವುದು ಗೆರೆ ತಡೆಯಿಲ್ಲದೆ ಓಡುವ ನೆಲವನ್ನು. ಆಮೇಲೆ ದುಂಡಗೆ ಕತ್ತರಿಸಿ, ಬೆನ್ನಿಗೆ ಒಂದೇ ಬಣ್ಣ ಕೊಟ್ಟು, ಮುಖಕ್ಕೆ ಅವತಾರಕ್ಕೆ ತಕ್ಕ ಬಣ್ಣದ ತಳ ಹಾಕುತ್ತಾರೆ. ಕೊನೆಗೆ ಅರಗಿನ ಹೊಳಪು. ಕೈಯಿಂದ ಕೈಗೆ ಹೋಗುವ ಎಲೆ ಬೆವರಿಗೆ ಕರಗಬಾರದಲ್ಲ.

ಮೈಸೂರಿನ ಸಾಂಪ್ರದಾಯಿಕ ಚಿತ್ರಕಾರನ ಬಣ್ಣದ ಪೆಟ್ಟಿಗೆ ಈ ನೆಲದ ಮರ ಮಣ್ಣುಗಳಿಂದಲೇ ತುಂಬಿತ್ತು. ಕೆಂಪಿಗೆ ಇಂಗಳೀಕ, ಕೆಮ್ಮಣ್ಣು. ಕಪ್ಪಿಗೆ ಕಾಡಿಗೆ. ನೀಲಿಗೆ ನೀಲಿಗಿಡ. ಹಳದಿಗೆ ಹರಿತಾಳ, ಇಲ್ಲವೆ ಮಲೆನಾಡಿನ ಅರಿಸಿನಗುರ್ಗಿ ಮರದಿಂದ ಒಸರುವ ಹಳದಿ ಹಾಲು. ಮೊದಲ ರೂಪರೇಖೆಗೆ ಹುಣಸೆ ಕಡ್ಡಿಯನ್ನು ಮುಚ್ಚಿಟ್ಟು ಸುಟ್ಟ ಇದ್ದಿಲು. ಕುಂಚಕ್ಕೆ ಅಳಿಲಿನ ಕೂದಲು, ಅದಕ್ಕಿಂತ ನವುರಾದ ಗೆರೆ ಬೇಕಾದಾಗ ಚೂಪು ಹುಲ್ಲಿನ ಎಸಳು. ಬಣ್ಣಕ್ಕೆ ಗೋಂದು. ಲಂಡನ್ನಿನ ಕಪ್ಪೆಚಿಪ್ಪಿನಲ್ಲಿ ಇದ್ದದ್ದೂ ಇದೇ ಗೋಂದು, ಅಲ್ಲಿಯ ಕುಂಚದಲ್ಲಿದ್ದದ್ದೂ ಅಳಿಲಿನ ಕೂದಲೇ. ಯಾರೂ ಯಾರಿಂದಲೂ ಕೇಳಿ ತಿಳಿದದ್ದಲ್ಲ. ಇಷ್ಟು ಚಿಕ್ಕ ಜಾಗದಲ್ಲಿ ಕೂದಲೆಳೆಯ ಗೆರೆ ಎಳೆದು, ಅದು ಹರಡದೆ ನಿಲ್ಲಬೇಕೆಂದರೆ ಅಳಿಲೂ ಗೋಂದೂ ಬೇಕೇ ಬೇಕು. ಕೆಲಸವೇ ಗುರುವಾಗಿ ಇಬ್ಬರಿಗೂ ಒಂದೇ ಉತ್ತರ ಕೊಟ್ಟಿತು.

ಇನ್ನೂ ಹತ್ತಿರದ ನಂಟು ಉಬ್ಬುಗೆಲಸದಲ್ಲಿದೆ. ಮೈಸೂರು ಚಿತ್ರದಲ್ಲಿ ಒಡವೆ, ಕಿರೀಟ, ಸಿಂಹಾಸನ, ಜರಿಯಂಚುಗಳಿಗೆ ಗೆಸ್ಸೊ ಕೆಲಸ ಮಾಡುತ್ತಾರೆ. ಬಿಳಿಯ ಪುಡಿ, ಗೋಂದು, ಆ ಹಳದಿ ಹಾಲು ಸೇರಿಸಿ ನುಣ್ಣಗೆ ಅರೆದ ಸರಿಯನ್ನು ಕುಂಚದ ತುದಿಯಿಂದ ಗೆರೆಗೆರೆಯಾಗಿ ಇಟ್ಟು, ಸ್ವಲ್ಪವೇ ಉಬ್ಬು ಬಂದ ಮೇಲೆ ಚಿನ್ನದ ರೇಕು ಕೂರಿಸುತ್ತಾರೆ. ಮೇಲೆ ತೆಳು ಕಾಗದ ಹರವಿ ನುಣುಪುಗಲ್ಲಿನಿಂದ ಉಜ್ಜಿದರೆ ಚಿನ್ನ ಉಬ್ಬಿಗೆ ಅಂಟಿ ಹೊಳೆಯುತ್ತದೆ. ತಂಜಾವೂರಿನ ಚಿತ್ರದಲ್ಲಿ ಉಬ್ಬು ದಪ್ಪ, ಹರಳು ಗಾಜು ಢಾಳಾಗಿ ಎದ್ದು ಕಾಣುತ್ತವೆ. ಮೈಸೂರಿನದು ಮೆಲುದನಿ. ಬೆರಳು ಸವರಿದರೆ ಮಾತ್ರ ತಿಳಿಯುವಷ್ಟು ಉಬ್ಬು. ಲಂಡನ್ನಿನ ರಾಣಿಯ ಕೊರಳ ಲೇಸಿನ ಬಿಳಿಹನಿಯೂ ಮೈಸೂರಿನ ಲಕ್ಷ್ಮಿಯ ಕಾಸಿನ ಸರವೂ ದೀಪದ ಎದುರು ಒಂದೇ ಬಗೆಯಲ್ಲಿ ಉಸಿರಾಡುತ್ತವೆ.

ಮುಖ ಮತ್ತು ಧ್ಯಾನ

ಇಷ್ಟು ನಂಟಿದ್ದರೂ ಎರಡು ಕಡೆಯ ಮನಸ್ಸು ಬೇರೆ. ಹಿಲಿಯರ್ಡ್ ಎದುರು ಕುಳಿತವರ ಮುಖದಲ್ಲಿ ಕ್ಷಣಕ್ಕೊಮ್ಮೆ ಬಂದು ಹೋಗುವ ಭಾವವನ್ನು ಹಿಡಿಯಬೇಕು ಎಂದು ಹಂಬಲಿಸಿದವನು. ತುಟಿಯ ಅಂಚಿನ ನಗೆ, ಕಣ್ಣಿನ ಚುರುಕು ಅವನಿಗೆ ಮುಖ್ಯ. ಅವನ ಚಿತ್ರವನ್ನು ಧರಿಸಿದವರು ಒಬ್ಬ ವ್ಯಕ್ತಿಯನ್ನು, ಒಬ್ಬರನ್ನೇ, ಎದೆಯ ಹತ್ತಿರ ಇಟ್ಟುಕೊಂಡರು. ಮೈಸೂರಿನ ಚಿತ್ರಗಾರ ಧ್ಯಾನಶ್ಲೋಕವನ್ನು ಮನಸ್ಸಿನಲ್ಲಿಟ್ಟುಕೊಂಡು ಕೂರುತ್ತಾನೆ. ಎಷ್ಟು ಕೈ, ಯಾವ ಕೈಯಲ್ಲಿ ಯಾವ ಆಯುಧ, ಯಾವ ಬಣ್ಣ, ಯಾವ ವಾಹನ ಎಂಬುದು ಅವನಿಗೆ ಮೊದಲೇ ಗೊತ್ತು. ಅವನು ಹುಡುಕುವುದು ಹಿಂದೆ ನೂರು ಮಂದಿ ಕಂಡ ಅದೇ ಮುಖವನ್ನು, ಈ ಸಲವೂ ಅಷ್ಟೇ ಪ್ರಸನ್ನವಾಗಿ. ಕಣ್ಣನ್ನು ಕೊನೆಗೆ ತೆರೆಸುತ್ತಾನೆ. ಶಿಲ್ಪಿ ವಿಗ್ರಹಕ್ಕೆ ಮಾಡುವ ನೇತ್ರೋನ್ಮೀಲನ ಇಲ್ಲಿ ಎಳ್ಳುಕಾಳಿನಷ್ಟು ಜಾಗದಲ್ಲಿ ನಡೆಯುತ್ತದೆ.

ಈ ಎರಡು ಮನಸ್ಸುಗಳು ಕೈಹಿಡಿದ ಜಾಗವೂ ಮೈಸೂರಿನಲ್ಲಿದೆ. 1861ರಲ್ಲಿ ಕಟ್ಟಿದ ಜಗನ್ಮೋಹನ ಅರಮನೆಯ ಗೋಡೆಯ ಮೇಲೆ ದಸರಾ ಮೆರವಣಿಗೆಯ ಚಿತ್ರಗಳ ಜೊತೆಗೆ ಸಂತಾನಾಂಬುಜ ಎಂಬ ಚಿತ್ರವಿದೆ. ಅಂಬುಜವೆಂದರೆ ತಾವರೆ. ಒಡೆಯರ ವಂಶವನ್ನು ತಾವರೆಯಾಗಿ ಅರಳಿಸಿ, ಅದರಲ್ಲಿ ಮನೆತನದವರನ್ನು ಪುಟ್ಟ ಪುಟ್ಟ ಚಿತ್ರಗಳಾಗಿ ಕೂರಿಸಿದ್ದಾರೆ. ಇವು ದೇವರ ಮುಖಗಳಲ್ಲ, ಬದುಕಿದ್ದ ಜನರವು. ಆದರೆ ಅವರನ್ನು ಕೂರಿಸಿದ ರೀತಿ ದೇವರನ್ನು ಕೂರಿಸುವ ರೀತಿಯೇ. ಹೋಲ್‌ಬೈನ್ ಬರೆದ ಹುಡುಗಿ ಗುಲಾಬಿಯೊಳಗೆ ಒಬ್ಬಳೇ ಕುಳಿತಿದ್ದರೆ, ಇಲ್ಲಿ ಇಡೀ ಮನೆತನ ಒಂದೇ ತಾವರೆಯಲ್ಲಿ ಕೂಡಿ ಕುಳಿತಿದೆ. ಚಾಮುಂಡಿ ಬೆಟ್ಟದ ಗುಡಿಯಲ್ಲಿ ಮುಮ್ಮಡಿಯವರ ಆಳೆತ್ತರದ ಮೂರ್ತಿ ಮೂವರು ರಾಣಿಯರೊಡನೆ ದೇವಿಗೆ ಕೈಮುಗಿದು ನಿಂತಿದೆ, ಪೀಠಗಳ ಮೇಲೆ ಅವರ ಹೆಸರುಗಳಿವೆ. ಕಲ್ಲಿನಲ್ಲಿ ಆಳೆತ್ತರವಾಗಿ ನಿಂತ ಭಕ್ತನೇ ತಾವರೆಯಲ್ಲಿ ಬೆರಳುದ್ದದವನಾಗಿದ್ದಾನೆ. ಗಾತ್ರ ಎಷ್ಟೇ ಇಳಿದರೂ ಗಾಂಭೀರ್ಯ ಇಳಿಯದ ಹಾಗೆ ನೋಡಿಕೊಂಡದ್ದು ಆ ಕೈಗಳ ಹೆಚ್ಚುಗಾರಿಕೆ.

ಉಳಿದ ಕೈಗಳು

1839ರಲ್ಲಿ ಫ್ರಾನ್ಸಿನಲ್ಲಿ ಡಾಗೇರ್ ತನ್ನ ಫೋಟೊ ವಿಧಾನವನ್ನು ಲೋಕಕ್ಕೆ ತೋರಿಸಿದ ಮೇಲೆ ಯೂರೋಪಿನ ಕಿರು ಭಾವಚಿತ್ರಗಾರರ ಅಂಗಡಿಗಳು ಒಂದೊಂದಾಗಿ ಬಾಗಿಲೆಳೆದವು. ಕೊರಳ ಕರಡಿಗೆಯೊಳಗಿನ ಜಾಗವನ್ನು ಫೋಟೊ ಹಿಡಿಯಿತು. ನಮ್ಮಲ್ಲಿ ಅಚ್ಚಿನ ಇಸ್ಪೀಟು ಅಗ್ಗವಾಗಿ ಬಂದಾಗ ಗಂಜೀಫಾ ಆಡುವವರು ಕಡಿಮೆಯಾದರು. ಆದರೂ ಕಸುಬಿನ ಎಳೆ ಕಡಿಯಲಿಲ್ಲ. ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತು ಮೈಸೂರು ಸಾಂಪ್ರದಾಯಿಕ ಚಿತ್ರಗಳಿಗೆಂದೇ ಗ್ಯಾಲರಿ ಮಾಡಿದೆ. ಗಂಜೀಫಾ ರಘುಪತಿ ಭಟ್ಟರು ಹಳೆಯ ಎಲೆಗಳನ್ನೂ ಶ್ಲೋಕಗಳನ್ನೂ ಅಭ್ಯಾಸ ಮಾಡಿ ಈ ಕಲೆಗೆ ಮತ್ತೆ ಪ್ರಾಣ ಕೊಟ್ಟರು, ಕಲೆಯ ಹೆಸರೇ ಅವರ ಹೆಸರಿನ ಮೊದಲ ಪದವಾಯಿತು. ಮೈಸೂರು ಸಾಂಪ್ರದಾಯಿಕ ಚಿತ್ರಕಲೆಗೂ ಮೈಸೂರು ಗಂಜೀಫಾಕ್ಕೂ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ.

ಮಾನ್ಯತೆಗಿಂತ ಹೆಚ್ಚಾಗಿ ಈ ಕಲೆಗೆ ಬೇಕಾದದ್ದು ನಿಧಾನವಾಗಿ ನೋಡುವ ಕಣ್ಣು. ಇಂಥ ಎಲೆಯೊಂದು ಎದುರಿಗೆ ಬಂದಾಗ ದೂರದಿಂದ ನೋಡಿ ಮುಂದೆ ಹೋಗಬಾರದು. ಮೊದಲು ಅಂಚಿನ ಗೆರೆಯನ್ನು ನೋಡಬೇಕು, ದುಂಡಗಿನ ಬಿಲ್ಲೆಯ ಸುತ್ತ ಅದು ಒಂದೇ ದಪ್ಪದಲ್ಲಿ ಓಡಿದೆಯೆ ಎಂದು. ಆಮೇಲೆ ಕುದುರೆಯ ಕಾಲು, ಮಂತ್ರಿಯ ಪೇಟದ ಮಡಿಕೆ. ಕೊನೆಗೆ ಕಣ್ಣು. ಅದನ್ನು ಇಡುವಾಗ ಬರೆದವನು ಉಸಿರು ಬಿಗಿಹಿಡಿದಿದ್ದ ಎಂಬುದು ನೋಡುವವರ ಉಸಿರಿಗೂ ತಿಳಿಯುತ್ತದೆ.

ತೆರಕಣಾಂಬಿಯ ವರದರಾಜನ ಗುಡಿಯಲ್ಲಿ ತೀರ್ಥಕ್ಕೆ ಕೈಯೊಡ್ಡಲು ಚಿಕ್ಕಂದಿನಲ್ಲಿ ನನಗೆ ಕಲಿಸಿದವರು ನಮ್ಮಜ್ಜಿ. ಎಡಗೈ ಮೇಲೆ ಬಲಗೈ ಇಟ್ಟು, ಅಂಗೈಯನ್ನು ಗುಳಿ ಮಾಡಿ, ಒಂದು ಹನಿಯೂ ಚೆಲ್ಲದ ಹಾಗೆ. ಆ ಗುಳಿಯಲ್ಲಿ ಹಿಡಿಯುವುದು ಒಂದು ಉದ್ಧರಣೆ ನೀರು. ಹಿಲಿಯರ್ಡ್‌ನ ರಾಣಿಯ ಅಳತೆಯೂ ಅಷ್ಟೇ, ಮೈಸೂರಿನ ಗಂಜೀಫಾದ ದೇವರ ಅಳತೆಯೂ ಅಷ್ಟೇ. ಅರಳಿಕಟ್ಟೆಯ ಮೇಲೆ ಈಗಲೂ ಎಲೆ ಕಲಸುವ ಸದ್ದು ಕೇಳಿದಾಗ ನನ್ನ ಕೈ ತಾನಾಗಿ ಗುಳಿಯಾಗುತ್ತದೆ, ಬಿದ್ದ ಆಟೀನ್ ರಾಣಿಯನ್ನು ಎತ್ತಿಕೊಂಡು ಅವಳ ಮುಖವನ್ನು ಒಂದು ಗಳಿಗೆ ನೋಡಿಯೇ ಆಟಗಾರನ ಕೈಗೆ ಕೊಡುತ್ತೇನೆ.